ರೈಲಿನ ನಡುಕಕ್ಕೆ ನಾದವುಂಟೆ?

ಕಿವಿಗೆ ಕೇಳದುದನ್ನು ಕೇಳಿಸುತ್ತೇವೆಂದು ಹೊರಡುವ ಕಲೆಯನ್ನು ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಗೆ ಕೇಳಿಸಿದ್ದು ಯಾರ ದನಿ? ಜೇಬಿನ ಮೊಬೈಲಿನಿಂದ ರೈಲಿನ ಕಂಪನವನ್ನು ಹಿಡಿದು, ಅದನ್ನು ಧ್ವನಿಯಾಗಿ ಮಾರ್ಪಡಿಸಿ, ಕಲಾಕೃತಿಯೆಂದು ಮುಂದಿಡುವ ಪ್ರಯೋಗಗಳು ಈಗ ನಡೆಯುತ್ತಿವೆ. ರೈಲು ತಾನೇ ಹಾಡುತ್ತದೆ, ಕಲಾವಿದ ಬರಿಯ ಲಿಪಿಕಾರ ಎಂಬ ಭಾವನೆ ಇದರ ಬೆನ್ನಿಗಿದೆ. ಆ ಮಾತನ್ನು ಒರೆಗೆ ಹಚ್ಚಬೇಕೆಂದು ನಾನು ಶಿರವಾಡದಲ್ಲಿರುವ ಕಾರವಾರ ನಿಲ್ದಾಣದಲ್ಲಿ ರೈಲು ಹತ್ತಿ ಅಂಕೋಲೆಯಲ್ಲಿ ಇಳಿದೆ.

ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಷ್ಟೆ. ಅದಕ್ಕೆ ಕಾರಣವಾದ ಆಕ್ಸಿಲರೋಮೀಟರ್ ಎಂಬ ಪುಟ್ಟ ಸಾಧನವೇ ಇಲ್ಲಿಯ ಲೇಖನಿ. ಅದರೊಳಗಿನ ಸಿಲಿಕಾನ್ ತುಣುಕು ಅಲುಗಿದಷ್ಟನ್ನು ಮೂರು ದಿಕ್ಕುಗಳಲ್ಲಿ ಅಳೆದು ಅಂಕಿಯಾಗಿಸುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ತಂತ್ರಾಂಶ ಆ ಅಂಕಿಗಳನ್ನು ಬರೆದಿಡುತ್ತದೆ. ಸೆಕೆಂಡಿಗೆ 100 ಸಲ ಅಳೆದರೆ 50ಕ್ಕಿಂತ ಹೆಚ್ಚಿನ ಕಂಪನ ಸಿಕ್ಕುವುದಿಲ್ಲ. ಡಬ್ಬಿಯ ಓಲಾಟವಾದರೋ ಸೆಕೆಂಡಿಗೆ ಒಂದೆರಡು. ಮನುಷ್ಯನ ಕಿವಿ ತೆರೆಯುವುದು ಸುಮಾರು 20ರಿಂದ ಮುಂದೆ. ಆದ್ದರಿಂದ ದಾಖಲೆಯನ್ನು 100 ಪಟ್ಟು ವೇಗದಲ್ಲಿ ಓಡಿಸಬೇಕು. ಅರ್ಧ ಗಂಟೆಯ ಪ್ರಯಾಣ 18 ಸೆಕೆಂಡುಗಳಿಗೆ ಇಳಿಯಿತು!

ಲಿಪಿಕಾರನ ವಾದ ಬಿದ್ದುಹೋಗುವುದು ಇಲ್ಲಿಯೇ. 100 ಪಟ್ಟೇ ಏಕೆ? 200 ಪಟ್ಟು ಮಾಡಿದರೆ ಶ್ರುತಿ ಒಂದು ಸಪ್ತಕ ಮೇಲೇರುತ್ತದೆ. ಮೊಬೈಲನ್ನು ಸೀಟಿನ ಮೆತ್ತೆಯ ಮೇಲಿಟ್ಟರೆ ಒಂದು ರೈಲು, ಡಬ್ಬಿಯ ನೆಲದ ಮೇಲಿಟ್ಟರೆ ಇನ್ನೊಂದು ರೈಲು. ಇವನ್ನೆಲ್ಲ ಗೊತ್ತುಮಾಡುವವನು ರಚನಕಾರನಲ್ಲದೆ ಮತ್ತಾರು?

ಆದರೂ ಈ ಕಲೆಯನ್ನು ನಾನು ತಳ್ಳಿಹಾಕಲಾರೆ. ಅದಕ್ಕೆ ಕಾರಣ ಕಾರವಾರ–ಹಾರವಾಡಗಳ ನಡುವಿನ ಸುರಂಗ. ಕಿವಿಗೆ ಅದು ಪ್ರಯಾಣದ ಮಹಾಘಟನೆ. ಕಿಟಕಿಯಿಂದ ಗಾಳಿ ನುಗ್ಗಿ, ಸದ್ದು ಬಂಡೆಗೆ ಬಡಿದು ಮರಳಿ, ಎದುರಿನವರ ಮಾತೂ ಕೇಳದು. ನನ್ನ ದಾಖಲೆಯಲ್ಲಿ ಆ ಅಬ್ಬರದ ಸುಳಿವೇ ಇರಲಿಲ್ಲ. ಗಾಳಿಯ ಗದ್ದಲ ಮೊಬೈಲನ್ನು ಅಲುಗಿಸಬೇಕಲ್ಲ! ಅದರ ಬದಲು, ಹರಟೆಯಲ್ಲಿ ನಾವು ಗಮನಿಸದೆ ಬಿಟ್ಟಿದ್ದ ನಿಲ್ದಾಣದ ಹಳಿ ಕವಲುಗಳು ಫಟ್ಟೆಂದು ಎದ್ದು ನಿಂತವು. ಕಿವಿ ಒಂದು ಊರನ್ನು ಕಂಡರೆ ಬೆನ್ನುಮೂಳೆ ಇನ್ನೊಂದನ್ನು ಕಾಣುತ್ತದೆ. ಅಂಕೋಲೆಯ ಹಾಲಕ್ಕಿಯವರ ಗುಮಟೆ ಬಾರಿಸುವವನ ಮೈಗೆ ತಾಗಿಕೊಂಡಿರುತ್ತದೆ. ಅವನಿಗೆ ದಕ್ಕುವ ಗುಮಟೆ, ದೂರ ಕುಳಿತ ನಮಗೆ ದಕ್ಕುವ ಗುಮಟೆಯಲ್ಲ.

ಪ್ಯಾರಿಸಿನ ಪಿಯರ್ ಷೆಫರ್ 1948ರಲ್ಲಿ ಬಾತಿನ್ಯೋಲ್ ನಿಲ್ದಾಣದ ಎಂಜಿನುಗಳ ಸದ್ದನ್ನು ತಟ್ಟೆಗಳಲ್ಲಿ ಮುದ್ರಿಸಿ, ತುಂಡರಿಸಿ, ಮರುಕಳಿಸಿ, ಮೂರು ನಿಮಿಷಕ್ಕೂ ಕಡಿಮೆಯ ಕೃತಿಯೊಂದನ್ನು ಕಟ್ಟಿದ. ಅದೇ ವರ್ಷದ ಅಕ್ಟೋಬರ್ 5ರಂದು ಫ್ರೆಂಚ್ ರೇಡಿಯೋ ಅದನ್ನು ಬಿತ್ತರಿಸಿತು. ಇಂದು ಕೇಳಿದರೂ ಅದು ರೈಲೇ. ಸಿಳ್ಳು ಬಂದರೆ ಮನಸ್ಸು ನಿಲ್ದಾಣಕ್ಕೆ ಓಡುತ್ತದೆ. ಅಲ್ಲಿ ರೈಲನ್ನು ಮರೆಸುವುದು ಕಷ್ಟ, ಇಲ್ಲಿ ನೆನಪಿಸುವುದು ಕಷ್ಟ. ನನ್ನ 18 ಸೆಕೆಂಡುಗಳನ್ನು ಕೇಳಿದ ಮಿತ್ರರೊಬ್ಬರು, "ಇದೇನು ದುಂಬಿಯೇ?" ಎಂದರು.

ಸೋತವರು ಇಲ್ಲಿ ಮಿತ್ರರಲ್ಲ, ನಾನು. ಉದ್ದುದ್ದ ಬೆಸೆದ ಹಳಿಗಳಿಂದ ಹಳೆಯ ದಡಬಡ ತಾಳ ಹೊರಟುಹೋಯಿತು. 2022ರಲ್ಲಿ ಕೊಂಕಣ ರೈಲುಮಾರ್ಗಕ್ಕೆಲ್ಲ ವಿದ್ಯುತ್ತು ಬಂದು ಡೀಸೆಲ್ ಎಂಜಿನಿನ ಗುಡುಗೂ ವಿರಳವಾಯಿತು. ಉಳಿದಿರುವುದು ಸೂಕ್ಷ್ಮ ನಡುಕ. ಅದನ್ನು ಹೀಗೆ ಅವಸರಕ್ಕೆ ಹಿಂಡಿ ಹದಿನೆಂಟು ಸೆಕೆಂಡಿನ ಗುಂಯ್‌ಗುಡುವಿಕೆ ಮಾಡಿದ್ದು ತಪ್ಪು. ಇನ್ನೊಮ್ಮೆ ಹೋದಾಗ ಸುರಂಗದ ಭಾಗವನ್ನಷ್ಟೇ ಆಯ್ದು, ಕಿವಿ ಕೇಳಿದ ಅಬ್ಬರವನ್ನು ಒಂದು ಕಡೆ, ಮೊಬೈಲು ಬರೆದ ಹೆಚ್ಚುಕಡಿಮೆ ಮೌನವನ್ನು ಇನ್ನೊಂದು ಕಡೆ ಇಟ್ಟು ಒಟ್ಟಿಗೆ ನುಡಿಸಬೇಕೆಂದಿದ್ದೇನೆ.