ಗೃಹಭಂಗದಲ್ಲಿ ಉಳಿದುಕೊಂಡ ಅಪ್ಪ

ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು (1970) ನಾವೆಲ್ಲ ನಂಜಮ್ಮನ ಕಾದಂಬರಿ ಎಂದೇ ಓದುತ್ತೇವೆ. ಗಂಡನ ಕೈಲಾಗದ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಕಲಿತು ಬರೆದವಳು. ಪ್ಲೇಗಿಗೆ ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರನ್ನೂ ಕೊಟ್ಟು, ಕೊನೆಗೆ ಅದೇ ರೋಗಕ್ಕೆ ತಾನೂ ಬಲಿಯಾದವಳು. ಕಳೆದ ತಿಂಗಳು ಡೊಂಬಿವಲಿ ಲೋಕಲ್‌ನಲ್ಲಿ ಮೂರನೇ ಸಲ ಓದುವಾಗ ನನ್ನ ಕಣ್ಣು ಅವಳ ಗಂಡ ಚೆನ್ನಿಗರಾಯನ ಮೇಲೆ ನಿಂತಿತು.

ಭೈರಪ್ಪನವರೂ ಎಳವೆಯಲ್ಲೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡವರು. ಹದಿಹರೆಯದಲ್ಲಿ ಓದು ಬಿಟ್ಟು ಅಲೆಯುತ್ತ ನಮ್ಮ ಈ ಮುಂಬೈಗೂ ಬಂದು ರೈಲ್ವೆ ಕೂಲಿಯಾಗಿದ್ದರು. ಆತ್ಮಕಥೆ 'ಭಿತ್ತಿ' ಬಂದದ್ದು 1996ರಲ್ಲಿ. ನಡುವೆ 26 ವರ್ಷ ಕಳೆದರೂ ಮನೆಯ ಹೊಣೆ ಹೊರದ ಅಪ್ಪನ ಬಗ್ಗೆ ಮಗನ ತೀರ್ಪು ಸಡಿಲವಾದಂತೆ ಕಾಣುವುದಿಲ್ಲ.

ಕಾದಂಬರಿಯಲ್ಲಿ ಮೈದುನ ಅಪ್ಪಣ್ಣಯ್ಯನಿಗಾದರೂ ಅಷ್ಟಿಷ್ಟು ಕರುಳಿದೆ. ಚೆನ್ನಿಗರಾಯನಿಗೆ ಊಟ ಬಿಟ್ಟರೆ ಒಳಮನಸ್ಸೇ ಇಲ್ಲ. ಅಂಥವರು ಇರುವುದಿಲ್ಲವೇ ಎಂದರೆ, ಇರುತ್ತಾರೆ. ಆದರೆ ಇಷ್ಟೊಂದು ಪಾತ್ರಗಳ ಒಳಹೊಕ್ಕು ನೋಡಿದ ಲೇಖಕ ಇಲ್ಲಿ ಮಾತ್ರ ಹೊಸಿಲಲ್ಲೇ ನಿಂತುಬಿಟ್ಟಿದ್ದಾರೆ. ಆ ವಯಸ್ಸಿನಲ್ಲಿ ಒಬ್ಬರನ್ನು ಕಳೆದುಕೊಂಡ ಮಗ, ಉಳಿದವರನ್ನು ಆ ದಿನದ ಕಣ್ಣಿನಿಂದಲೇ ಕೊನೆತನಕ ನೋಡುತ್ತಾನೆ ಎಂದು ನನಗನ್ನಿಸುತ್ತದೆ.

ಹೀಗನ್ನಿಸಲು ಕಾರಣವಿದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. 13 ದಿನವೂ ಅಮ್ಮ ಮೂಲೆ ಬಿಟ್ಟು ಏಳಲಿಲ್ಲ. ಎಲೆ ಎಷ್ಟು, ಅಕ್ಕಿ ಎಷ್ಟು ಎಂದು ಅಡುಗೆಯವರಿಗೆ ಹೇಳಿದವನು ನಾನು. ಅಮ್ಮನ ಕೈಲಿ ಏನೂ ಆಗದು ಎಂದು ಅಂದೇ ತೀರ್ಮಾನಿಸಿದೆ. ಈಗ ನನ್ನ ಜೊತೆಗೇ ಇದ್ದಾಳೆ. ಬ್ಯಾಂಕು, ಡಾಕ್ಟರು, ಊರಿನ ಜಮೀನು ಎಲ್ಲವನ್ನೂ ಅವಳನ್ನು ಕೇಳದೆ ನಾನೇ ಮುಗಿಸುತ್ತೇನೆ. ಆಫೀಸಿನಲ್ಲಿ ನನ್ನ ಈ ಗುಣವನ್ನು 'ಓನರ್‌ಶಿಪ್' ಎಂದು ಮೆಚ್ಚುತ್ತಾರೆ. ಅಪ್ಪ ಹೋದಾಗ ಅಮ್ಮನಿಗೆ 38. ನನಗೀಗ 44.

'ಗೃಹಭಂಗ' ದೊಡ್ಡ ಕೃತಿ ಎಂಬುದರಲ್ಲಿ ಅನುಮಾನವಿಲ್ಲ. ಉಳಿದ ಒಬ್ಬನೇ ಮಗ ವಿಶ್ವ, ಮಾದೇವಯ್ಯನವರ ಜೊತೆ ಊರು ಬಿಡುವ ಕೊನೆಯ ಪುಟಗಳಿಗೆ ಈ ಸಲವೂ ಗಂಟಲು ಕಟ್ಟಿತು. ಆದರೆ ಹಿಂದೆ ಉಳಿದ ಆ ಅಪ್ಪನ ಬಗ್ಗೆ ಕಾದಂಬರಿ ಕೇಳದ ಪ್ರಶ್ನೆಯೂ ನನ್ನ ಜೊತೆ ಡೊಂಬಿವಲಿಯಲ್ಲಿ ಇಳಿಯಿತು.

ರಾತ್ರಿ ಊಟವಾದ ಮೇಲೆ ಕೇಳಿದೆ: "ಅಮ್ಮಾ, ಆ 13 ದಿನ ಮೂಲೇಲಿ ಕೂತು ಏನು ಯೋಚಿಸ್ತಿದ್ದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿನ್ನ ಪರೀಕ್ಷೆ ಫೀಸು ಅವರು ಕಟ್ಟಿದ್ರೋ ಇಲ್ವೋ ಅಂತ" ಎಂದಳು.