ನಾಲ್ಕೇ ಟ್ರ್ಯಾಕ್

ಮನೆಯಲ್ಲಿ ರೆಕಾರ್ಡಿಂಗ್ ಕಲಿಯಲು ಹೊರಟವರು ಯಾವ ಮೈಕು ಕೊಳ್ಳಲಿ, ಯಾವ ಸಾಫ್ಟ್‌ವೇರ್ ಹಾಕಿಸಲಿ ಎಂದು ಕೇಳುತ್ತಾರೆ. ಮೊದಲು ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕಾ’ ಆಲ್ಬಮ್ ಕೇಳಿ ಎನ್ನುತ್ತೇನೆ ನಾನು.

1982ರ ಜನವರಿ. ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನಲ್ಲಿ ಒಂದು ಬಾಡಿಗೆ ಮನೆ, ಅದರ ಮಲಗುವ ಕೋಣೆ. ಟಿಯಾಕ್ 144 ಎಂಬ ಕ್ಯಾಸೆಟ್ ಯಂತ್ರ, ಎರಡು ಶ್ಯೂರ್ ಎಸ್‌ಎಂ57 ಮೈಕು, ಪ್ರತಿಧ್ವನಿಗೊಂದು ಎಕೊಪ್ಲೆಕ್ಸ್. ಮಿಕ್ಸ್ ಆದದ್ದನ್ನು ಇಳಿಸಿಕೊಂಡದ್ದು ಪ್ಯಾನಸಾನಿಕ್ ಟೇಪ್‌ರೆಕಾರ್ಡರಿಗೆ. ತಮ್ಮ ಬ್ಯಾಂಡಿಗೆ ಹಾಡು ಕಲಿಸಲೆಂದು ಮಾಡಿಕೊಂಡ ಆ ಮಾದರಿ ಕ್ಯಾಸೆಟ್ಟೇ ಸೆಪ್ಟೆಂಬರಿನಲ್ಲಿ ಹತ್ತು ಹಾಡುಗಳ ಆಲ್ಬಮ್ ಆಗಿ ಹೊರಬಂತು.

ಟಿಯಾಕ್ 144ರಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕ್, ಎಂದರೆ ಬೇರೆಬೇರೆಯಾಗಿ ದಾಖಲಿಸಬಹುದಾದ ನಾಲ್ಕೇ ಪದರ. ಕಂಠ, ಗಿಟಾರು ಒಟ್ಟಿಗೇ ಎರಡನ್ನು ತುಂಬಿದರೆ ಉಳಿಯುವುದು ಎರಡು. ಹಾಗಾಗಿ ಏನು ಸೇರಿಸಬೇಕೆಂದರೂ ಅದು ಬೇಕೇ ಬೇಕೆ ಎಂದು ಮೊದಲೇ ತೀರ್ಮಾನಿಸಬೇಕಿತ್ತು. ಆಲ್ಬಮ್ಮಿನ ‘ಸ್ಟೇಟ್ ಟ್ರೂಪರ್’ ಹಾಡು ಕೇಳಿ. ಗಿಟಾರಿನ ಮಂದ್ರದ ತಂತಿಯೊಂದೇ ಎದೆಬಡಿತದಂತೆ ಮಿಡಿಯುತ್ತದೆ. ಹಾಡುವವನು ದನಿ ಎತ್ತುವುದಿಲ್ಲ. ಕೊನೆಗೆ ಇದ್ದಕ್ಕಿದ್ದಂತೆ ಒಂದು ಚೀರು. ಅಲ್ಲಿಯವರೆಗೂ ಏನನ್ನೂ ತುಂಬದೆ ಖಾಲಿ ಬಿಟ್ಟಿದ್ದರಿಂದಲೇ ಆ ಚೀರು ಮೈ ನಡುಗಿಸುತ್ತದೆ. ಮಿಕ್ಸಿಂಗ್ ಎಂದರೆ ಜಾಗ ಬಿಡುವ ಕಲೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪಾಠ ನನಗೆ ಸಿಕ್ಕಿಲ್ಲ.

ಈ ಆಲ್ಬಮ್ಮಿನ ಹಾಡುಗಳನ್ನು ಸ್ಪ್ರಿಂಗ್‌ಸ್ಟೀನ್ ಸ್ಟುಡಿಯೋದಲ್ಲಿ ಇಡೀ ಬ್ಯಾಂಡಿನೊಂದಿಗೆ ನುಡಿಸಿಯೂ ನೋಡಿದ್ದರು. ಆ ಪ್ರಯತ್ನಗಳಲ್ಲಿ ಹಲವು 2025ರಲ್ಲಿ ಬಿಡುಗಡೆಯಾದವು. ವಾದನದಲ್ಲಿ ಕುಂದಿಲ್ಲ. ಆದರೆ ಡ್ರಮ್ಸ್ ಬಂದೊಡನೆ, ನಮ್ಮ ಪಕ್ಕದಲ್ಲಿ ಕೂತು ಕಷ್ಟ ಹೇಳಿಕೊಳ್ಳುತ್ತಿದ್ದವನು ವೇದಿಕೆ ಏರಿಬಿಡುತ್ತಾನೆ.

‘ನೆಬ್ರಾಸ್ಕಾ’ದಲ್ಲಿ ಕೊರತೆಗಳೂ ಇವೆ. ಹಾಡಿನ ಭಾವ ಯಾವುದೇ ಇರಲಿ, ಪ್ರತಿಧ್ವನಿಯ ಬಣ್ಣ ಹೆಚ್ಚುಕಡಿಮೆ ಒಂದೇ. ಕೆಲವೆಡೆ ಮಾತಿನ ಅಂಚು ಮಸುಕಾಗುತ್ತದೆ. ಆ ಕ್ಯಾಸೆಟ್ಟಿನಿಂದ ಎಲ್‌ಪಿ ತಟ್ಟೆ ಕೊರೆಯಲು ತಂತ್ರಜ್ಞರು ಬಹಳ ಹೆಣಗಬೇಕಾಯಿತು. ಆದ್ದರಿಂದ ‘ಒರಟಾಗಿದ್ದರೇ ನಿಜ’ ಎಂಬ ತತ್ವವನ್ನು ಇದರಿಂದ ಕಲಿಯುವುದು ತಪ್ಪು. ಹಾಡುಗಳು ಮೊದಲೇ ಗಟ್ಟಿಯಾಗಿದ್ದವು, ಹಾಡಿಕೆ ಹದವಾಗಿತ್ತು. ಅದಕ್ಕೇ ಯಂತ್ರದ ಕೊರತೆಯನ್ನು ಕಿವಿ ಮನ್ನಿಸುತ್ತದೆ.

ಎಲ್ಲವನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಬೇಕೆಂಬುದನ್ನು ನಾನೂ ಕಷ್ಟಪಟ್ಟೇ ಕಲಿತೆ. ನನ್ನ ಕೋಣೆಯಲ್ಲಿ ಒಮ್ಮೆ ತಂಬೂರಿಯೊಂದಿಗೆ ವಚನವೊಂದನ್ನು ರೆಕಾರ್ಡ್ ಮಾಡಿದೆ. ಹೆಡ್‌ಫೋನಿನಲ್ಲಿ ಕೇಳಿದರೆ ಷಡ್ಜದ ಕೆಳಗೆ ಅಪಶ್ರುತಿಯ ಒಂದು ಎಳೆ. ಅಡುಗೆಮನೆಯ ಫ್ರಿಜ್ಜಿನ ಗುಂಯ್ ಸದ್ದು. ಧ್ವನಿಯ ಮಂದ್ರ-ತಾರಗಳನ್ನು ಹೊಂದಿಸುವ ಈಕ್ಯೂನಲ್ಲಿ ಅದನ್ನು ಕತ್ತರಿಸಹೋದರೆ ತಂಬೂರಿಯ ಮಂದ್ರವೂ ಸೊರಗಿತು. ಮೂರು ಸಂಜೆ ಹೆಣಗಿದ ಮೇಲೆ ಫ್ರಿಜ್ ಆರಿಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟು, ಮೈಕಿಗೆ ಗೇಣು ದೂರದಲ್ಲಿ ಕೂತು ಮತ್ತೆ ಹಾಡಿದೆ. ಮಿಕ್ಸ್ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ.

ಈಗ ಕಂಪ್ಯೂಟರಿನಲ್ಲಿ ಟ್ರ್ಯಾಕ್‌ಗಳಿಗೆ ಲೆಕ್ಕವಿಲ್ಲ. ಬೇಕೆನಿಸಿದ್ದನ್ನೆಲ್ಲ ಸೇರಿಸಬಹುದು, ತೀರ್ಮಾನವನ್ನು ನಾಳೆಗೆ ಮುಂದೂಡಬಹುದು. ಕಲಿಕೆ ನಿಲ್ಲುವುದು ಈ ಮುಂದೂಡಿಕೆಯಲ್ಲೇ. ಹೊಸಬರು ಮೊದಲ ಹತ್ತು ಹಾಡುಗಳನ್ನಾದರೂ ನಾಲ್ಕೇ ಟ್ರ್ಯಾಕಿನಲ್ಲಿ ಮುಗಿಸಬೇಕೆಂಬುದು ನನ್ನ ಒತ್ತಾಯ. ಐದನೆಯದು ಬೇಕೆನಿಸಿದಾಗ, ಇರುವ ನಾಲ್ಕರಲ್ಲಿ ಯಾವುದನ್ನು ಬಿಡಬಹುದೆಂದು ಕಿವಿಯನ್ನು ಕೇಳಲಿ.