ಗಿಟಾರ್ ಕಲಿಸುವ ಅಂತರ್ಜಾಲ: ಒಂದು ಅವಲೋಕನ

ಹೊರನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಸಂಗೀತ ಕಲಿಸುವುದೆಂದರೆ ಒಂದು ಕಾಲಕ್ಕೆ ಹಾರ್ಮೋನಿಯಂ, ಪಿಟೀಲು ಅಥವಾ ವೀಣೆ ಎಂದೇ ಅರ್ಥವಾಗಿತ್ತು. ಇಂದಿನ ಹುಡುಗ ಹುಡುಗಿಯರು ಕೇಳುವುದು ಗಿಟಾರನ್ನು. ವಾದ್ಯ ಮನೆಗೆ ಬಂದ ಮೇಲೆ ಗುರುಗಳ ಹುಡುಕಾಟ ಶುರುವಾಗಬೇಕಷ್ಟೆ. ಆದರೆ ಅನೇಕ ಕಡೆ ಆ ಸ್ಥಾನದಲ್ಲಿ ಮೊಬೈಲು ಬಂದು ಕೂತಿದೆ. ಹೋಗಿಬರುವ ಹೊತ್ತು, ತಿಂಗಳ ಫೀಸು ಎರಡೂ ಉಳಿಯಿತೆಂದು ತಂದೆತಾಯಿಗಳಿಗೂ ಸಮಾಧಾನ. ಈ ಹೊಸ ಗುರುವಿನಿಂದ ನಿಜವಾಗಿ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಸೂಕ್ತ.

ಮೊದಲು, ಹೊಗಳಬೇಕಾದದ್ದನ್ನು ಮನಸಾರೆ ಹೊಗಳಿಬಿಡೋಣ. ಅದು ಶ್ರುತಿ ಕೂಡಿಸುವ ಸಾಧನ. ಗಿಟಾರಿನ ಆರು ತಂತಿಗಳಲ್ಲಿ ತೀರ ದಪ್ಪನೆಯದು ಸೆಕೆಂಡಿಗೆ ಸುಮಾರು 82 ಬಾರಿ, ಪಕ್ಕದ್ದು 110 ಬಾರಿ, ತೀರ ತೆಳುವಾದದ್ದು ಸುಮಾರು 330 ಬಾರಿ ಕಂಪಿಸಬೇಕು. ಹೊಸಬರ ಕಿವಿಗೆ ಇದು ಸುಲಭವಾಗಿ ಸಿಕ್ಕುವುದಿಲ್ಲ. 2012ರಲ್ಲಿ ಫಿನ್ಲೆಂಡಿನಿಂದ ಬಂದ ‘ಗಿಟಾರ್‌ಟ್ಯೂನಾ’ದಂಥ ಆಪ್‌ಗಳು ಮೊಬೈಲಿನ ಮೈಕಿನಿಂದ ಕಂಪನವನ್ನು ಅಳೆದು, ಬಿರಡೆಯನ್ನು ಬಿಗಿಯಬೇಕೋ ಸಡಿಲಿಸಬೇಕೋ ಎಂದು ತೋರಿಸುತ್ತವೆ. ಶ್ರುತಿ ತಪ್ಪಿದ ವಾದ್ಯದ ಮೇಲೆ ತಿಂಗಳುಗಟ್ಟಲೆ ಸಾಧನೆ ಮಾಡಿ ಕಿವಿ ಕೆಡಿಸಿಕೊಳ್ಳುವ ಅಪಾಯ ಇದರಿಂದ ತಪ್ಪಿದೆ. ಆದರೂ ದಪ್ಪ ತಂತಿಯನ್ನು ಐದನೆಯ ಮೆಟ್ಟಿಲಿನಲ್ಲಿ ಒತ್ತಿ, ಪಕ್ಕದ ಬಿಡಿ ತಂತಿಗೆ ಅದು ಹೊಂದುತ್ತದೆಯೇ ಎಂದು ಕಿವಿಯಿಂದಲೂ ನೋಡುವ ಅಭ್ಯಾಸವನ್ನು ಮಕ್ಕಳು ಬಿಡಬಾರದು.

ಇನ್ನು ಪಾಠಗಳು. ಇವುಗಳಲ್ಲಿ ನನ್ನ ಮೊದಲ ಮತ ಟ್ಯಾಸ್ಮೇನಿಯಾ ಮೂಲದ ಜಸ್ಟಿನ್ ಸ್ಯಾಂಡರ್‌ಕೋ ಅವರು 2003ರಲ್ಲಿ ಆರಂಭಿಸಿದ ‘ಜಸ್ಟಿನ್‌ಗಿಟಾರ್’ ತಾಣಕ್ಕೆ. ಮುಖ್ಯ ಪಾಠಗಳಿಗೆ ಹಣ ಕೊಡಬೇಕಾಗಿಲ್ಲ ಎಂಬುದಕ್ಕಿಂತ ಅದರಲ್ಲಿ ಒಂದು ಕ್ರಮವಿದೆ ಎಂಬುದು ದೊಡ್ಡ ಗುಣ. ಕಾರ್ಡ್ ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತ. ಎರಡೇ ಕಾರ್ಡುಗಳನ್ನು ಕೊಟ್ಟು, ಒಂದು ನಿಮಿಷದಲ್ಲಿ ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ದಾಟಬಲ್ಲೆ ಎಂದು ಎಣಿಸಿ ಬರೆದಿಡಲು ಅವರು ಹೇಳುತ್ತಾರೆ. ನೀರಸವೆನ್ನಬಹುದು. ನಮ್ಮ ಸರಳೆ ವರಸೆ, ಜಂಟಿ ವರಸೆಗಳೂ ನೀರಸವೇ. ಆದರೆ ಅವುಗಳನ್ನು ದಾಟದೆ ಕೃತಿಗೆ ಹೋದವರ ಪಾಡೇನೆಂದು ಬಲ್ಲವರು ಬಲ್ಲರು. ಮನಬಂದಂತೆ ಇಂದೊಂದು ವಿಡಿಯೋ, ನಾಳೆಯೊಂದು ವಿಡಿಯೋ ನೋಡುವವರಿಗೆ ಈ ಕ್ರಮದ ಲಾಭ ಸಿಗುವುದಿಲ್ಲ.

ಎರಡನೆಯದು, 2010ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದ ಕಂಪನಿಯ ‘ಯೂಸಿಶಿಯನ್’. ಇದು ಆಟದ ರೀತಿಯ ಪಾಠ. ಪರದೆಯ ಮೇಲೆ ಸ್ವರಗಳು ಸಾಲಾಗಿ ಬರುತ್ತವೆ, ಮಗು ನುಡಿಸುತ್ತದೆ, ಮೈಕು ಕೇಳಿಸಿಕೊಂಡು ಅಂಕ ಕೊಡುತ್ತದೆ. ದಿನವೂ ವಾದ್ಯ ಕೈಗೆತ್ತಿಕೊಳ್ಳುವಂತೆ ಮಾಡುವ ಶಕ್ತಿ ಇದಕ್ಕಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅದು ಕೇಳುವುದು ಸ್ವರವನ್ನು ಮತ್ತು ಕಾಲವನ್ನು ಮಾತ್ರ. ಮಣಿಕಟ್ಟು ಸೊಟ್ಟಗಾಗಿದೆಯೇ, ಹೆಬ್ಬೆರಳು ವಿನಾಕಾರಣ ಬಿಗಿಯುತ್ತಿದೆಯೇ, ಭುಜ ಎತ್ತಿಕೊಂಡಿದೆಯೇ ಎಂದು ಮೈಕು ನೋಡಲಾರದು. ಅಂಕ ಬಂತೆಂದು ಹಿಗ್ಗಿದ ಹುಡುಗನ ಕೈ ನೋಯತೊಡಗಿದಾಗಲೇ ಈ ಕೊರತೆ ಗೊತ್ತಾಗುವುದು. ತಿಂಗಳಿಗೊಮ್ಮೆಯಾದರೂ ಬಲ್ಲವರೊಬ್ಬರ ಎದುರು ಕೂತು ನುಡಿಸುವುದು ಇದಕ್ಕೆ ಪರಿಹಾರ.

ಇದಕ್ಕಿಂತ ಮುಖ್ಯವಾದ ಆಕ್ಷೇಪ ಬೇರೆಯಿದೆ. ಈ ಪಾಠಗಳಲ್ಲೆಲ್ಲ ಮಗು ಹೆಚ್ಚಾಗಿ ನುಡಿಸುವುದು ಮೊದಲೇ ಮುದ್ರಿಸಿದ ವಾದ್ಯಗೋಷ್ಠಿಯ ಜೊತೆಗೆ. ಅದು ಗಡಿಯಾರದಂತೆ ನಡೆಯುತ್ತದೆ, ಯಾರಿಗೂ ಕಾಯುವುದಿಲ್ಲ. ಭಾವಗೀತೆ ಹಾಡುವ ಅತ್ತೆಯೋ ದೊಡ್ಡಪ್ಪನೋ ಒಂದು ಮಾತಿನ ಮೇಲೆ ನಿಲ್ಲುತ್ತಾರೆ, ಪಲ್ಲವಿಗೆ ಬರುವ ಮುನ್ನ ಉಸಿರೆಳೆಯುತ್ತಾರೆ, ಮನಸ್ಸು ಬಂದರೆ ಒಂದು ಸಾಲನ್ನು ಮೂರು ಸಲ ಹಾಡುತ್ತಾರೆ. ಹಾಡುವವರ ಮುಖ ನೋಡಿ ಅವರ ಜೊತೆ ಹೋಗುವುದೇ ಪಕ್ಕವಾದ್ಯದ ಧರ್ಮ. ಎಷ್ಟೋ ಹಂತಗಳನ್ನು ಗೆದ್ದ ಹುಡುಗಿ, ಇಂಥ ಹಾಡುಗಾರರ ಪಕ್ಕದಲ್ಲಿ ಕೂತಾಗ ಎಲ್ಲಿ ಸೇರಿಕೊಳ್ಳಬೇಕೆಂದು ತಿಳಿಯದೆ ಕೈ ಕಟ್ಟಿ ಕೂರುವುದುಂಟು.

ಕನ್ನಡ ಹಾಡು ಬೇಕೆಂದವರು ಹೋಗುವುದು ಕಾರ್ಡುಗಳನ್ನು ಬರೆದಿಟ್ಟ ತಾಣಗಳಿಗೆ. 1998ರಷ್ಟು ಹಿಂದೆಯೇ ಶುರುವಾದ ‘ಅಲ್ಟಿಮೇಟ್ ಗಿಟಾರ್’ ಇವುಗಳಲ್ಲಿ ಪ್ರಸಿದ್ಧ. ಅಭಿಮಾನಿಗಳು ಕಿವಿಯಿಂದ ಕೇಳಿ ಬರೆದದ್ದರಿಂದ ಕೆಲವು ಸರಿ, ಕೆಲವು ತಪ್ಪು. ಅದನ್ನಾದರೂ ತಿದ್ದಿಕೊಳ್ಳಬಹುದು. ನಮ್ಮನ್ನು ಕಾಡಬೇಕಾದದ್ದು ಲಿಪಿ. ಇಂಥ ಕಡೆ ಕನ್ನಡ ಸಾಹಿತ್ಯ ಸಾಮಾನ್ಯವಾಗಿ ಸಿಗುವುದು ರೋಮನ್ ಅಕ್ಷರಗಳಲ್ಲಿ. ಬೆಲೆ, ಬೆಳೆ, ಬೇಳೆ ಈ ಮೂರನ್ನೂ ಅಲ್ಲಿ ಒಂದೇ ಥರ ಬರೆದಿರುತ್ತಾರೆ. ಊರಿನಲ್ಲಿ ಬೆಳೆದ ಮಗು ತಿಳಿದು ಓದಿಕೊಳ್ಳುತ್ತದೆ. ಪುಣೆಯಲ್ಲೋ ದೆಹಲಿಯಲ್ಲೋ ಬೆಳೆದ ಮಗು ಹೇಗೆ ಬರೆದಿದೆಯೋ ಹಾಗೇ ಹಾಡಿಬಿಡುತ್ತದೆ. ಗಿಟಾರ್ ಬಂತು, ಳಕಾರ ಹೋಯಿತು ಎಂಬಂತಾದರೆ ಲಾಭವೇನು? ಸಾಹಿತ್ಯವನ್ನು ಕನ್ನಡದಲ್ಲಿ ಬರೆಸಿ, ಮೇಲೆ ಕಾರ್ಡುಗಳನ್ನು ಗುರುತು ಮಾಡಿಸುವುದು ತಂದೆತಾಯಿಗಳಿಂದ ಆಗುವ ಕೆಲಸ. ಅದಕ್ಕೆ ಸಂಗೀತಜ್ಞಾನ ಬೇಕಿಲ್ಲ.

ಗಿಟಾರಿಗೆ ನಮ್ಮ ಸಂಗೀತ ಒಗ್ಗದು ಎಂಬ ಮಾತನ್ನು ಒಪ್ಪಲಾಗದು. ಹಿಂದೂಸ್ತಾನಿಯಲ್ಲಿ ಬ್ರಿಜ್ ಭೂಷಣ್ ಕಾಬ್ರಾ, ಕರ್ನಾಟಕ ಸಂಗೀತದಲ್ಲಿ ಪ್ರಸನ್ನ ಅವರು ಅದನ್ನು ಸುಳ್ಳು ಮಾಡಿದ್ದಾರೆ. ಅಷ್ಟು ದೂರ ಹೋಗದಿದ್ದರೂ, ಮೋಹನ ರಾಗದ ಸರಳ ಹಾಡೊಂದನ್ನು ತೆಗೆದುಕೊಳ್ಳಿ. ಹಾಡುವವರ ಶ್ರುತಿ ಐದು ಮನೆಯಾದರೆ ಜಿ ಮೇಜರ್, ಇ ಮೈನರ್ ಎಂಬ ಎರಡು ಕಾರ್ಡುಗಳ ಸ್ವರಗಳೆಲ್ಲ ಆ ರಾಗದೊಳಗೇ ಇವೆ. ಐದೂವರೆ ಮನೆಯಾದರೆ ಕೇಪೋ ಎಂಬ ಹಿಡಿಕೆಯನ್ನು ಮೊದಲ ಮೆಟ್ಟಿಲಿಗೆ ಹಾಕಿ ಅದೇ ಹಿಡಿತಗಳನ್ನು ನುಡಿಸಿದರಾಯಿತು. ಕೆಲವೇ ತಿಂಗಳು ಕಲಿತ ಮಗುವಿಗೂ ಇದು ಸಾಧ್ಯ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಶ್ರುತಿಗೆ ಆಪ್ ಇರಲಿ. ಪಾಠಕ್ಕೆ ಒಂದೇ ಒಂದು ತಾಣವನ್ನು ಆರಿಸಿ ಕಡೆಯವರೆಗೆ ಹೋಗಲಿ. ಅಂಕಗಳಿಗೆ ಹೆಚ್ಚು ಬೆಲೆ ಬೇಡ. ಕಲಿತದ್ದರ ಪರೀಕ್ಷೆ ಮಾತ್ರ ಪರದೆಯ ಮುಂದಲ್ಲ, ಹಾಡುವ ಮನುಷ್ಯರ ಮುಂದೆ ನಡೆಯಲಿ. ನಮ್ಮ ಸಂಘದ ಗೀತಗಾಯನದ ದಿನ ಹಾರ್ಮೋನಿಯಂ, ತಬಲಾದ ಪಕ್ಕದಲ್ಲಿ ಇಂಥ ಮಕ್ಕಳಿಗೂ ಒಂದು ಕುರ್ಚಿ ಹಾಕಿದರೆ ಆ ಪರೀಕ್ಷೆಗೆ ಬೇರೆ ಏರ್ಪಾಡು ಬೇಕಾಗಲಾರದು.